ಕರಡಿಗೆ ಯಾವ ತೋಟೆ?

"ಕರಡಿಗೆ ಎಂಥ ತೋಟೆ ಹಾಕ್ಬೇಕು ಸಾಹೇಬ್ರೆ?"

ಹಳಿಯಾಳ, ಜೋಯಿಡಾ, ಯಲ್ಲಾಪುರದ ಕಾಡಂಚಿನಲ್ಲಿ ಅರಣ್ಯಾಧಿಕಾರಿಯಾಗಿ ಓಡಾಡಿದ ವರ್ಷಗಳಲ್ಲಿ ಈ ಪ್ರಶ್ನೆಯನ್ನು ಪದೇ ಪದೇ ಕೇಳಿದ್ದೇನೆ. ಕೇಳುವವರು ಹೆಚ್ಚಾಗಿ ಬೇಟೆಗಾರರಲ್ಲ. ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಕೋವಿ ಮನೆಯಲ್ಲಿದೆ, ರಾತ್ರಿ ಗದ್ದೆಗೆ ಬರುವ ಹಂದಿಯನ್ನು ಓಡಿಸಬೇಕು, ದಾರಿಯಲ್ಲಿ ಕರಡಿ ಎದುರಾದರೆ ಗತಿಯೇನು ಎಂಬ ಚಿಂತೆ. ಚಿಂತೆ ನ್ಯಾಯವಾದದ್ದೇ. ಹಾಗಾಗಿ ಪ್ರಶ್ನೆಯನ್ನು ತಳ್ಳಿಹಾಕದೆ, ಕೋವಿ ಮತ್ತು ತೋಟೆಯ, ಅಂದರೆ ಕಾಡತೂಸಿನ, ಮಾತನ್ನೇ ಮೊದಲು ಆಡುತ್ತೇನೆ.

ಮೊಬೈಲಿನಲ್ಲಿ ಅಮೆರಿಕದ ವಿಡಿಯೊ ನೋಡಿದ ಹುಡುಗರು ಸ್ಲಗ್, ಮ್ಯಾಗ್ನಮ್ ಎನ್ನುತ್ತಾರೆ. ಅಲಾಸ್ಕಾದಲ್ಲಿ ಬೇಟೆ ಕಾನೂನುಬದ್ಧ. ಅಲ್ಲಿನ ದೊಡ್ಡ ಕಂದು ಕರಡಿ 300 ಕಿಲೋ ದಾಟುವುದುಂಟು. ಅದಕ್ಕೆಂದೇ ಅಲ್ಲಿನವರು 12 ಬೋರಿನ ಕೋವಿಯಲ್ಲಿ ಒಂದೇ ದಪ್ಪ ಗುಂಡಿನ ಸ್ಲಗ್ ತೋಟೆ ಹಾಕುತ್ತಾರೆ, ಇಲ್ಲವೆ .375ರಂಥ ಭಾರಿ ರೈಫಲ್ ಒಯ್ಯುತ್ತಾರೆ. ನಮ್ಮ ಕರಡಿಯ ಗಂಡು 80ರಿಂದ 145 ಕಿಲೋ, ಹೆಣ್ಣು ಇನ್ನೂ ಕಡಿಮೆ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ತೂಕಕ್ಕಿಂತ ಹೆಚ್ಚಾಗಿ ದೂರ. ಹುತ್ತಕ್ಕೆ ಮೂತಿ ಹಾಕಿ ಗೆದ್ದಲನ್ನು ಹೀರುವ ಕರಡಿಗೆ ತನ್ನ ಸದ್ದಿನಲ್ಲಿ ನಮ್ಮ ಹೆಜ್ಜೆ ಕೇಳುವುದಿಲ್ಲ. ಕಣ್ಣೂ ಮಂದ. ಮೂಗು ಚುರುಕಾಗಿದ್ದರೂ ಗಾಳಿ ನಮ್ಮ ಕಡೆಗೆ ಬೀಸುತ್ತಿದ್ದರೆ ಪ್ರಯೋಜನವಿಲ್ಲ. ಲಂಟಾನದ ಮರೆಯಲ್ಲಿ ಎಂಟು ಹತ್ತು ಮೀಟರಿಗೆ ಬಂದಾಗಲೇ ಇಬ್ಬರಿಗೂ ಗೊತ್ತಾಗುವುದು. ಹುಲಿಯ ಜೊತೆ ಒಂದೇ ಕಾಡಿನಲ್ಲಿ ಬಾಳಿದ ಪ್ರಾಣಿ ಇದು. ಬೆಚ್ಚಿಬಿದ್ದರೆ ಎಷ್ಟೋ ಸಲ ಓಡುವ ಬದಲು ಮೇಲೆ ಬೀಳುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗ ಎಂದಿಟ್ಟುಕೊಂಡರೂ ಹತ್ತು ಮೀಟರಿಗೆ ಒಂದೂಕಾಲು ಸೆಕೆಂಡು ಸಾಕು. ಹೆಗಲಲ್ಲಿ ಕೋವಿ, ಕೈಯಲ್ಲಿ ಟಾರ್ಚು ಇರುವವನು ಅಷ್ಟರೊಳಗೆ ಕೋವಿ ಇಳಿಸಿ, ಅದರ ಕುದುರೆ (ಹೊಡೆತದ ಕೊಕ್ಕೆ) ಎಳೆದು, ಗುರಿ ಹಿಡಿಯಬೇಕು.

ನಮ್ಮಲ್ಲಿ ಹೆಚ್ಚು ಮನೆಗಳಲ್ಲಿ ಇರುವುದು ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮಸಿ (ಕೋವಿಮದ್ದು), ಚರೆ (ಸೀಸದ ಸಣ್ಣ ಗುಂಡು) ಗಿಡಿದು ತಯಾರು ಮಾಡಿದರೆ ಸಿಗುವುದು ಒಂದೇ ಈಡು. ಎರಡನೆಯದಕ್ಕೆ ಕರಡಿ ಕಾಯುವುದಿಲ್ಲ. ಮಳೆಗಾಲದಲ್ಲಿ ಮಸಿಗೆ ಥಂಡಿ ಹಿಡಿದರೆ ಆ ಒಂದು ಈಡಿನ ಭರವಸೆಯೂ ಇಲ್ಲ. "ಕರಡಿ ಅಲ್ದಾ, ಸ್ವಲ್ಪ ಜಾಸ್ತಿ ಮಸಿ ಹಾಕುವಾ" ಎಂದು ಗಿಡಿಯುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಹಳೆಯ ನಳಿಗೆ ಒಡೆದರೆ ಹೋಗುವುದು ನಿಮ್ಮ ಬೆರಳು, ನಿಮ್ಮ ಕಣ್ಣು.

ತೋಟೆ ಕೋವಿ ಇದ್ದವರು ಎರಡು ಸಂಗತಿ ತಿಳಿದಿರಬೇಕು. ಹಕ್ಕಿಗೆ ಬಳಸುವ ನಾಲ್ಕನೇ ನಂಬರಿನ ತೋಟೆಯಲ್ಲಿ ಒಂದು ಔನ್ಸಿಗೆ ಸುಮಾರು 170 ಚರೆ, ಒಂದೊಂದೂ ಮೂರು ಮಿಲಿಮೀಟರಿನದು. ಇಪ್ಪತ್ತು ಮೀಟರಿನಿಂದ ಹೊಡೆದರೆ ಕರಡಿಯ ಉದ್ದ ಕೂದಲು, ಸಡಿಲ ಚರ್ಮ ದಾಟಿ ಆಳಕ್ಕೆ ಇಳಿಯುವುದಿಲ್ಲ; ಪ್ರಾಣಿ ನಿಲ್ಲುವುದಿಲ್ಲ, ಕೆರಳುತ್ತದೆ. ಎಲ್‌ಜಿ ತೋಟೆಯಲ್ಲಿ ಒಂಬತ್ತು ಮಿಲಿಮೀಟರಿನ ಗುಂಡು, ಔನ್ಸಿಗೆ ಆರೇಳು. ಇದು ಆಳಕ್ಕೆ ಹೋಗುತ್ತದೆ. ಆದರೆ ಚರೆ ಹರಡುವುದರಿಂದ ಹೇಗೆ ಹೊಡೆದರೂ ತಾಗುತ್ತದೆ ಎಂಬ ನಂಬಿಕೆ ತಪ್ಪು. ಮೂರು ನಾಲ್ಕು ಮೀಟರಿನಲ್ಲಿ ಇಡೀ ಈಡು ಮುಷ್ಟಿಯಷ್ಟೇ ಅಗಲ ಇರುತ್ತದೆ. ನುಗ್ಗಿ ಬರುವ ಕರಡಿಯ ತಲೆ ಮೇಲಕ್ಕೂ ಕೆಳಕ್ಕೂ ಕುಣಿಯುತ್ತಿರುತ್ತದೆ. ನಡುಗುವ ಕೈಯಲ್ಲಿ ಅಷ್ಟು ಚಿಕ್ಕ ಗುರಿ ಸುಲಭವಲ್ಲ.

ಎರಡನೆಯದನ್ನು ಕೋವಿ ಅಂಗಡಿಯವರೂ ಎಲ್ಲರಿಗೂ ಹೇಳುವುದಿಲ್ಲ. ಅಜ್ಜನ ಕಾಲದ ಇಂಗ್ಲಿಷ್ ಜೋಡಿ ನಳಿಗೆಯ ಹಲವು ಕೋವಿಗಳಿಗೆ 65 ಮಿಲಿಮೀಟರಿನ ತೋಟೆಯ ಮನೆ ಇರುತ್ತದೆ. ಈಗಿನ 70 ಮಿಲಿಮೀಟರಿನ ತೋಟೆ ಅದರೊಳಗೆ ಸಲೀಸಾಗಿ ಕೂರುತ್ತದೆ, ಯಾಕೆಂದರೆ ಅದರ ಬಾಯಿ ಮಡಚಿರುತ್ತದೆ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲೆ ನಮೂದಿಸಿದ್ದನ್ನು ಬಲ್ಲವರಿಂದ ಓದಿಸದೆ ಯಾವ ತೋಟೆಯನ್ನೂ ಹಾಕಬೇಡಿ. ತುದಿ ಕಿರಿದಾಗಿರುವ, ಅಂದರೆ ಚೋಕ್ ಇರುವ ನಳಿಗೆಯಲ್ಲಿ ಬೋರಿನಷ್ಟೇ ದಪ್ಪದ ಸೀಸದ ಉಂಡೆ ಹೊಡೆಯುವುದೂ ಅಪಾಯ. ಇನ್ನು .315 ರೈಫಲ್ ಇರುವವರು ಬೆರಳೆಣಿಕೆಯಷ್ಟು. ತಪ್ಪಿದ ಅದರ ಗುಂಡು ಕಿಲೋಮೀಟರ್ ದೂರದ ಕೇರಿಯವರೆಗೂ ಹೋಗಬಲ್ಲದು. ಕತ್ತಲಲ್ಲಿ ಅದರ ಮಾತೇ ಬೇಡ.

ತಪ್ಪಿದ ಈಡಿಗಿಂತ ನನಗೆ ಹೆಚ್ಚು ಭಯ ಅರೆಬರೆ ತಾಗಿದ ಈಡಿನದ್ದು. ಗಾಯಗೊಂಡ ಕರಡಿ ಪೊದೆ ಸೇರುತ್ತದೆ. ಹೊಡೆದವನು ಮನೆ ಸೇರುತ್ತಾನೆ. ಮರುದಿನ ಬೆಳಿಗ್ಗೆ ಅದೇ ದಾರಿಯಲ್ಲಿ ಹೋಗುವುದು ದರಕು (ಒಣ ಎಲೆ) ಗುಡಿಸಲು ಸೊಪ್ಪಿನ ಬೆಟ್ಟಕ್ಕೆ ಹೊರಟ ಹೆಂಗಸು, ದನ ಹೊಡೆದುಕೊಂಡು ಹೊರಟ ಗೌಳಿ ಹುಡುಗ. ಯಾವ ತೋಟೆ ಎಂದು ಕೇಳುವವರು ಇವರನ್ನೂ ನೆನೆಯಬೇಕು. ಹಂದಿಗೆಂದು ಕಟ್ಟಿದ ತಂತಿ ಉರುಳಿನದ್ದೂ ಇದೇ ಕತೆ.

ಅಲಾಸ್ಕಾದ ನೂರಾರು ಕರಡಿ ಘಟನೆಗಳನ್ನು ಪರಿಶೀಲಿಸಿ ಟಾಮ್ ಸ್ಮಿತ್ ಮತ್ತು ಸ್ಟೀಫನ್ ಹೆರೆರೊ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂದೂಕು ಇದ್ದವರು ಅದನ್ನು ಬಳಸಿದರೂ ಬಳಸದಿದ್ದರೂ ಗಾಯಗೊಳ್ಳುವ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಂಡಿಲ್ಲ. ಬೇಟೆಯಲ್ಲಿ ಪಳಗಿದವರ ನಾಡಿನಲ್ಲೇ ಹೀಗೆ.

ಕಾನೂನೂ ಗೊತ್ತಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕರಡಿ ಮೊದಲನೇ ಅನುಸೂಚಿಯ ಪ್ರಾಣಿ. ಕೊಂದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ದಂಡ ಬೇರೆ. ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಕೊಂದರೆ ಅಪರಾಧವಲ್ಲ ಎಂದು 11ನೇ ಕಲಮು ಹೇಳುತ್ತದೆ. ಆದರೆ ಆ ಹೊತ್ತಿನಲ್ಲಿ ನೀವು ಕಳ್ಳಬೇಟೆಯಂಥ ಅಕ್ರಮದಲ್ಲಿ ತೊಡಗಿದ್ದರೆ ಆ ರಕ್ಷಣೆ ಸಿಗುವುದಿಲ್ಲ. ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಅಭಯಾರಣ್ಯದೊಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. ಅದರ ಹತ್ತು ಕಿಲೋಮೀಟರ್ ಒಳಗಿನ ಕೋವಿದಾರರು ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ದಾಂಡೇಲಿ, ಜೋಯಿಡಾ ಕಡೆಯ ಬಹಳ ಜನರಿಗೆ ಇದು ತಿಳಿದೇ ಇಲ್ಲ.

ಹಾಗಾದರೆ ಏನು ಒಯ್ಯುವುದು? ಬಲವಾದ ಟಾರ್ಚು, ಉದ್ದದ ಕೋಲು, ಜೊತೆಗೊಬ್ಬ ಮನುಷ್ಯ. ದಾರಿಯುದ್ದಕ್ಕೂ ಮಾತಾಡಿ, ಕೆಮ್ಮಿ, ಕೋಲಿನಿಂದ ಮರಕ್ಕೆ ಬಡಿಯಿರಿ. ಬೇಟೆಗೆ ಹೊರಟವನು ಮಾತ್ರ ಸದ್ದಡಗಿಸಿ ನಡೆಯಬೇಕು. ಗೇರು, ಹಲಸು, ನೇರಳೆ ಹಣ್ಣಾಗುವ ಕಾಲದಲ್ಲಿ ಮರದ ಬುಡಕ್ಕೆ ಮುಂಜಾನೆ ಮುಸ್ಸಂಜೆ ಒಬ್ಬರೇ ಹೋಗಬೇಡಿ. ಚಳಿಗಾಲದಲ್ಲಿ ಹುಟ್ಟಿದ ಮರಿಯನ್ನು ಬೆನ್ನ ಮೇಲೆ ಹೊತ್ತ ತಾಯಿ ಬೇಸಿಗೆಯ ಹೊತ್ತಿಗೆ ಹೊರಗೆ ತಿರುಗುತ್ತಿರುತ್ತದೆ. ದೂರದಲ್ಲಿ ಕಂಡರೆ ಮುಖ ಅದರ ಕಡೆಗೇ ಇಟ್ಟು ನಿಧಾನ ಹಿಂದೆ ಸರಿಯಿರಿ. ಓಡಿದರೆ ಅದು ನಿಮಗಿಂತ ವೇಗ, ಮರ ಹತ್ತಿದರೆ ಅದಕ್ಕೂ ಹತ್ತಲು ಬರುತ್ತದೆ. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಮುಖ ನೆಲಕ್ಕೆ ಒತ್ತಿ, ಎರಡೂ ಕೈ ಹೆಣೆದು ಕುತ್ತಿಗೆಯ ಹಿಂಭಾಗ ಮುಚ್ಚಿಕೊಳ್ಳಿ. ಕರಡಿ ಮೊದಲು ಹುಡುಕುವುದು ಮುಖ, ತಲೆ.

ಗಾಯವಾದರೆ ರಕ್ತ ಒತ್ತಿ ಹಿಡಿದು 112ಕ್ಕೆ ಕರೆ ಮಾಡಿ, ಸಾಧ್ಯವಾದಷ್ಟು ಬೇಗ ಸೋಪು ನೀರಿನಲ್ಲಿ ಗಾಯ ತೊಳೆಯಿರಿ. ಆಸ್ಪತ್ರೆಯಲ್ಲಿ ಧನುರ್ವಾಯು ಚುಚ್ಚುಮದ್ದಿನ ಜೊತೆಗೆ ರೇಬೀಸ್ ಲಸಿಕೆಯನ್ನೂ ಕೇಳಿ ಪಡೆಯಿರಿ. ಕಡಿದದ್ದು ನಾಯಿಯಲ್ಲ ಎಂದು ಅದನ್ನು ಬಿಡಬಾರದು. ಅದೇ ದಿನ ವಲಯ ಅರಣ್ಯ ಕಚೇರಿಗೆ ತಿಳಿಸಿ. ಪರಿಹಾರದ ಅರ್ಜಿಗೆ ಸಿಬ್ಬಂದಿಯ ಮಹಜರು, ವೈದ್ಯರ ಪ್ರಮಾಣಪತ್ರ ಎರಡೂ ಬೇಕಾಗುತ್ತವೆ.