ಪದ ಪರಿಚಯ: ಫ್ರೇಮ್ ವಿಶ್ಲೇಷಣೆ

ಪ್ರತಿಭಟನೆಯ ಗುಂಪಿಗೆ ವಾಹನ ನುಗ್ಗಿದ ವಿಡಿಯೊವನ್ನು ಒಂದೊಂದೇ ಚಿತ್ರವಾಗಿ ಬಿಡಿಸಿ, ವಾಹನ ಯಾವ ಕ್ಷಣದಲ್ಲಿ ಎಲ್ಲಿತ್ತು, ವೇಗ ಎಷ್ಟಿತ್ತು, ಬ್ರೇಕ್ ಹಾಕಿದ್ದು ಗುದ್ದುವ ಮೊದಲೋ ಆಮೇಲೋ ಎಂದು ಅಳೆಯುವುದೇ ಫ್ರೇಮ್ ವಿಶ್ಲೇಷಣೆ. 2021ರ ಅಕ್ಟೋಬರ್ 3ರಂದು ಲಖೀಂಪುರ ಖೇರಿಯಲ್ಲಿ ರೈತರ ಮೇಲೆ ವಾಹನ ಹರಿದ ದೃಶ್ಯವನ್ನು ಇಡೀ ದೇಶ ಮೊಬೈಲಿನಲ್ಲಿ ನೋಡಿತು. ಅಂಥ ದೃಶ್ಯವನ್ನು ಎಷ್ಟು ಸಲ ನೋಡಿದರೂ ಕಣ್ಣಿಗೆ ವೇಗ ಸಿಗುವುದಿಲ್ಲ. ಫ್ರೇಮ್ ಎಣಿಸಬೇಕು.

ಬೆಳಗಾವಿಯ ಚನ್ನಮ್ಮ ವೃತ್ತದಲ್ಲಿ ಕಬ್ಬಿನ ಬಾಕಿಗಾಗಿ ರಸ್ತೆ ತಡೆ ನಡೆದಿದೆ, ಜನರತ್ತ ಬೊಲೆರೊ ಒಂದು ನುಗ್ಗಿದೆ, ಅಂಗಡಿಯ ಸಿಸಿಟಿವಿಯಲ್ಲಿ ಅದು ಪಕ್ಕದಿಂದ ಕಂಡಿದೆ ಎಂದಿಟ್ಟುಕೊಳ್ಳಿ. ರಸ್ತೆಯ ಮೇಲಿನ ಒಂದು ಗುರುತು ಹಿಡಿಯಿರಿ: ಬಿಳಿ ಪಟ್ಟೆಯ ತುದಿಯಾಗಲಿ, ತೇಪೆಯ ಅಂಚಾಗಲಿ. ಮುಂದಿನ ಚಕ್ರ ಅದನ್ನು ತುಳಿದ ಫ್ರೇಮಿನಿಂದ ಅದೇ ಬದಿಯ ಹಿಂದಿನ ಚಕ್ರ ತುಳಿದ ಫ್ರೇಮಿನವರೆಗೆ ಎಣಿಸಿ. ಬೊಲೆರೊದ ಎರಡು ಚಕ್ರಗಳ ನಡುವಿನ ಅಂತರ 2.68 ಮೀಟರ್. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೊದಲ್ಲಿ ನಡುವೆ 6 ಫ್ರೇಮ್ ಕಳೆದಿದ್ದರೆ ಅದು 0.24 ಸೆಕೆಂಡ್, ಅಂದರೆ ಗಂಟೆಗೆ ಸುಮಾರು 40 ಕಿ.ಮೀ. ಎಣಿಕೆ ಒಂದೇ ಫ್ರೇಮ್ ತಪ್ಪಿದರೂ ಉತ್ತರ 34ಕ್ಕೆ ಇಳಿಯುತ್ತದೆ ಇಲ್ಲವೇ 48ಕ್ಕೆ ಏರುತ್ತದೆ. ಹಾಗಾಗಿ ವರದಿಯಲ್ಲಿ ಒಂದೇ ಅಂಕಿ ಬರೆಯುವುದು ಸರಿಯಲ್ಲ, 34ರಿಂದ 48 ಎಂದೇ ಬರೆಯಬೇಕು. ಇನ್ನೂ ನಿಖರ ಬೇಕಿದ್ದರೆ ಸ್ಥಳಕ್ಕೆ ಹೋಗಿ ದೂರದೂರದ ಎರಡು ಗುರುತುಗಳ ಅಂತರವನ್ನು ಟೇಪ್ ಹಿಡಿದು ಅಳೆಯಬೇಕು. ಅಂತರ ಹೆಚ್ಚಿದಷ್ಟೂ ಒಂದು ಫ್ರೇಮಿನ ದೋಷ ಚಿಕ್ಕದಾಗುತ್ತದೆ.

ಲೆಕ್ಕ ಹೆಚ್ಚಾಗಿ ಕೆಡುವುದು ಫ್ರೇಮಿನ ಸಂಖ್ಯೆಯಲ್ಲೇ. ಕ್ಯಾಮೆರಾ ಹಿಡಿದದ್ದು ಸೆಕೆಂಡಿಗೆ 12 ಫ್ರೇಮ್ ಇದ್ದರೂ ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ನಿಂದ ಹೊರತೆಗೆದ ಫೈಲು 25 ಎಂದು ತೋರಿಸಬಹುದು. ಒಂದು ಫ್ರೇಮಿನಲ್ಲಿ ವಾಹನ ನಿಂತಂತೆ, ಮುಂದಿನದರಲ್ಲಿ ಜಿಗಿದಂತೆ ಕಂಡರೆ ಅದೇ ಚಿತ್ರ ಎರಡು ಸಲ ಸೇರಿದೆ ಎಂದರ್ಥ. ಮೊಬೈಲ್ ವಿಡಿಯೊದಲ್ಲಿ ಫ್ರೇಮುಗಳ ನಡುವಿನ ಕಾಲ ಒಂದೇ ಸಮ ಇರುವುದಿಲ್ಲ, ಪ್ರತಿ ಫ್ರೇಮಿನ ಸಮಯಮುದ್ರೆಯನ್ನೇ, ಅಂದರೆ ಫೈಲಿನೊಳಗೆ ದಾಖಲಾದ ಆ ಫ್ರೇಮಿನ ಸಮಯವನ್ನೇ, ಓದಬೇಕು.

ಬ್ರೇಕ್ ಹಾಕಿದ್ದನ್ನು ತಿಳಿಯಲು ಹಿಂಬದಿಯ ಗಾಜಿನ ಹತ್ತಿರದ ಮೂರನೇ ಕೆಂಪು ದೀಪ ಇದ್ದರೆ ಅದನ್ನೇ ನಂಬಿ. ಕೆಳಗಿನ ಎರಡು ದೀಪಗಳು ರಾತ್ರಿಯಲ್ಲಿ ಹೇಗೂ ಉರಿಯುತ್ತಿರುತ್ತವೆ. ರಾತ್ರಿಯ ಇನ್ಫ್ರಾರೆಡ್ ದೃಶ್ಯದಲ್ಲಿ ಕಪ್ಪು ಅಂಗಿಯೂ ಬೆಳ್ಳಗೆ ಕಾಣಬಹುದು, ಬಣ್ಣ ನೋಡಿ ಯಾರನ್ನೂ ಗುರುತಿಸಬೇಡಿ. ದೂರದಿಂದ ಜೂಮ್ ಮಾಡಿದ ಫೋಟೊದಲ್ಲಿ ವಾಹನ ಮತ್ತು ಜನ ಒಬ್ಬರಿಗೊಬ್ಬರು ಅಂಟಿದಂತೆ ಕಾಣುತ್ತಾರೆ; ಅದನ್ನು ನೋಡಿ ಅಂತರ ಹೇಳುವುದು ಅನ್ಯಾಯ, ಸತ್ತವರಿಗೂ ಆರೋಪಿಗೂ. ಚಾಲಕನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನಂತೂ ಯಾವ ಫ್ರೇಮೂ ಹೇಳದು.

ಹಲವು ಮೊಬೈಲ್‌ಗಳ ವಿಡಿಯೊ ಜೋಡಿಸುವಾಗ ಹಾರ್ನ್ ಸದ್ದಿಗಿಂತ ಗಾಜು ಒಡೆದ ಇಲ್ಲವೇ ದೀಪ ಹೊತ್ತಿದ ದೃಶ್ಯವನ್ನು ಆಧಾರ ಮಾಡಿಕೊಳ್ಳಿ. ನೂರು ಮೀಟರ್ ದೂರದ ಮೊಬೈಲಿಗೆ ಸದ್ದು 0.3 ಸೆಕೆಂಡ್ ತಡವಾಗಿ ಮುಟ್ಟುತ್ತದೆ, ಅಷ್ಟರಲ್ಲಿ ಮೇಲಿನ ಬೊಲೆರೊ ಮೂರು ಮೀಟರ್ ಮುಂದೆ ಹೋಗಿರುತ್ತದೆ.

ಫೋಟೊದ ಸಮಯ ಅಳಿಸಿಹೋಗಿದ್ದರೆ ನೆರಳು ನೆರವಾಗುತ್ತದೆ. ಸುವರ್ಣ ವಿಧಾನಸೌಧದ ಅಧಿವೇಶನದ ಹೊತ್ತಿಗೆ, ಅಂದರೆ ಡಿಸೆಂಬರ್ ನಡುವಿಗೆ, ಬೆಳಗಾವಿಯಲ್ಲಿ ಸೂರ್ಯ ನೆತ್ತಿಯ ಗೆರೆ ದಾಟುವುದು ಸುಮಾರು 12.30ಕ್ಕೆ. ಆಗ 10 ಅಡಿ ಕಂಬದ ನೆರಳು ನೇರ ಉತ್ತರಕ್ಕೆ 8 ಅಡಿ ಬೀಳುತ್ತದೆ. ನೆರಳು ವಾಯವ್ಯಕ್ಕೆ ವಾಲಿದ್ದರೆ ಫೋಟೊ ಅದಕ್ಕಿಂತ ಮೊದಲಿನದು.

ಇದೆಲ್ಲ ಮೂಲ ಫೈಲು ಕೈಯಲ್ಲಿದ್ದರೆ ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಒಳಗಿನ ವಿವರವೂ ಹೋಗುತ್ತದೆ. ಸಿಸಿಟಿವಿ ಪರದೆಯನ್ನು ಮೊಬೈಲಿನಿಂದ ಹಿಡಿದರೆ ಫ್ರೇಮ್ ಲೆಕ್ಕವೇ ಸುಳ್ಳಾಗುತ್ತದೆ. ಡಿವಿಆರ್ ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋಗುವುದರಿಂದ ಅಂಗಡಿಯವರನ್ನು ಆ ದಿನವೇ ಕೇಳಬೇಕು. ಅದರ ಗಡಿಯಾರ ಸರಿಯಾದ ಸಮಯಕ್ಕಿಂತ ಎಷ್ಟು ಹಿಂದು ಮುಂದಿದೆ ಎಂದು ಬರೆದಿಡಬೇಕು. ಫೈಲು ಪಡೆದ ಕೂಡಲೇ ಅದರ ಹ್ಯಾಶ್ ಮೌಲ್ಯ ತೆಗೆಯಿರಿ; ಅದು ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲು ಚೂರು ಬದಲಾದರೂ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿಡಿಯೊ ಜೊತೆ ನ್ಯಾಯಾಲಯಕ್ಕೆ ಕೊಡುವ ಪ್ರಮಾಣಪತ್ರದಲ್ಲಿ ಅದನ್ನು ನಮೂದಿಸಬೇಕಾಗುತ್ತದೆ.