ಒಂದು ಆಟದ ಕಾರ್ಡು ಇನ್ನೊಂದು ಆಟಕ್ಕೆ ಒಗ್ಗುವುದು ಹೇಗೆ?

ಯು-ಗಿ-ಓ! ಎಂಬ ಜಪಾನಿ ಕಾರ್ಡಾಟದಲ್ಲಿ ‘ಪಾಟ್ ಆಫ್ ಗ್ರೀಡ್’ ಎಂಬ ಕಾರ್ಡೊಂದಿದೆ. ನಿಮ್ಮ ಡೆಕ್ಕಿನಿಂದ ಎರಡು ಕಾರ್ಡು ಎಳೆದುಕೊಳ್ಳಿ ಎಂಬುದಷ್ಟೇ ಅದರ ನಿಯಮ. ನೋಡಲು ಇಷ್ಟು ಸಾಧುವಾದ ಈ ಕಾರ್ಡನ್ನು ಆ ಆಟದ ಮುಖ್ಯ ಪಂದ್ಯಗಳಲ್ಲಿ 2005ರಿಂದ ನಿಷೇಧಿಸಲಾಗಿದೆ. ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟದಲ್ಲಿ ಅದೇ ಕೆಲಸವನ್ನು ‘ಡಿವಿನೇಷನ್’ ಎಂಬ ಕಾರ್ಡು ಮಾಡುತ್ತದೆ, ಅದನ್ನು ಆಡಲು ಮೂರು ಮಾನಾ (ಆ ಆಟದಲ್ಲಿ ಕಾರ್ಡು ಆಡಲು ಬೇಕಾದ ಇಂಧನ) ತೆರಬೇಕು, ಅದು ಸಾಮಾನ್ಯ ದರ್ಜೆಯ ಕಾರ್ಡು, ಬಲಿಷ್ಠ ಡೆಕ್ ಕಟ್ಟುವವರು ಅದರತ್ತ ಹೆಚ್ಚು ಗಮನವನ್ನೂ ಕೊಡುವುದಿಲ್ಲ. ಪೋಕೆಮಾನ್ ಕಾರ್ಡಾಟದ ಮೊದಲ ಸಂಚಿಕೆಯಲ್ಲಿದ್ದ ‘ಬಿಲ್’ ಕೂಡ ಎರಡೇ ಕಾರ್ಡು ಎಳೆಯಲು ಕೊಡುತ್ತಿತ್ತು, ಅದೂ ಬಿಟ್ಟಿಯಾಗಿ. ಕಾರ್ಡಿನ ಮೇಲಿನ ಮಾತು ಮೂರೂ ಕಡೆ ಒಂದೇ ಆಗಿದ್ದರೂ ಒಂದು ಕಡೆ ಅದು ನಿಷಿದ್ಧ, ಇನ್ನೊಂದು ಕಡೆ ಮಾಮೂಲು, ಮತ್ತೊಂದು ಕಡೆ ದಿನಬಳಕೆಯ ವಸ್ತು. ಒಂದು ಆಟದ ಕಾರ್ಡನ್ನು ಇನ್ನೊಂದರ ನಿಯಮಕ್ಕೆ ಒಗ್ಗಿಸಲು ಹೊರಟವರು ಮೊದಲು ಬಿಡಿಸಬೇಕಾದ ಗಂಟು ಇದು.

ಇಸ್ಪೀಟಿನಲ್ಲಿ ಎಲ್ಲರೂ ಒಂದೇ ಕಟ್ಟಿನಿಂದ ಆಡುತ್ತಾರೆ. ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿ 1993ರಲ್ಲಿ ಹೊರಬಂದ ಮ್ಯಾಜಿಕ್‌ನಲ್ಲಿ ಆಟಗಾರರು ತಾವು ಕೂಡಿಸಿಟ್ಟ ಕಾರ್ಡುಗಳಿಂದ ತಮ್ಮದೇ ಡೆಕ್ ಕಟ್ಟಿಕೊಂಡು ಬರುತ್ತಾರೆ. 1996ರಲ್ಲಿ ಪೋಕೆಮಾನ್, 1999ರಲ್ಲಿ ಕೊನಾಮಿ ಸಂಸ್ಥೆಯ ಯು-ಗಿ-ಓ! ಇದೇ ದಾರಿಯಲ್ಲಿ ಬಂದವು. ಮೂರಕ್ಕೂ ಹೊರಗಿನ ಚಹರೆ ಒಂದೇ ಆದರೂ ಒಳಗಿನ ಅರ್ಥವ್ಯವಸ್ಥೆ ಬೇರೆ ಬೇರೆ. ಯಾವ ಆಟದಲ್ಲಿ ಯಾವುದಕ್ಕೆ ಬರ ಎಂಬುದನ್ನು ತಿಳಿಯದೆ ಅಲ್ಲಿನ ಒಂದು ಕಾರ್ಡಿಗೂ ಬೆಲೆ ಕಟ್ಟಲಾಗದು.

ಮ್ಯಾಜಿಕ್‌ನಲ್ಲಿ ಬರವಿರುವುದು ಮಾನಾ ಎಂಬ ಇಂಧನಕ್ಕೆ. ಅದನ್ನು ಕೊಡುವ ‘ಲ್ಯಾಂಡ್’ ಕಾರ್ಡುಗಳನ್ನು ಸರದಿಗೆ ಒಂದರಂತೆ ಮಾತ್ರ ಇಡಬಹುದು. ಅರವತ್ತು ಕಾರ್ಡುಗಳ ಡೆಕ್ಕಿನಲ್ಲಿ ಸುಮಾರು 24 ಲ್ಯಾಂಡ್‌ಗಳೇ ಇರುವುದು ವಾಡಿಕೆ. ಎಂದರೆ ಎಳೆದ ಐದು ಕಾರ್ಡುಗಳಲ್ಲಿ ಸರಾಸರಿ ಎರಡು ಬರಿಯ ಇಂಧನ. ಯು-ಗಿ-ಓ!ದಲ್ಲಿ ಮಾನಾ ಎಂಬುದೇ ಇಲ್ಲ. ಸರದಿಗೆ ಒಂದು ಸಾಮಾನ್ಯ ಆವಾಹನೆ (ಕೈಯಿಂದ ಜೀವಿಯೊಂದನ್ನು ಮೇಜಿಗೆ ಇಳಿಸುವುದು) ಎಂಬ ಕಟ್ಟುಪಾಡನ್ನೂ ಮೇಜಿನ ಮೇಲಿನ ಜಾಗದ ಮಿತಿಯನ್ನೂ ಬಿಟ್ಟರೆ ಕೈಯಲ್ಲಿರುವ ಕಾರ್ಡೇ ಅಲ್ಲಿನ ನಾಣ್ಯ. ಒಂದು ಕೊಟ್ಟು ಎರಡು ಪಡೆಯುವ ಪಾಟ್ ಆಫ್ ಗ್ರೀಡ್ ಅಂಥಲ್ಲಿ ನಾಣ್ಯ ಟಂಕಿಸುವ ಯಂತ್ರವೇ ಸರಿ. ಅದನ್ನು ಡೆಕ್ಕಿಗೆ ಸೇರಿಸದಿರಲು ಯಾವ ಆಟಗಾರನಿಗೂ ಕಾರಣವೇ ಇರುವುದಿಲ್ಲವಾದ್ದರಿಂದ ನಿಷೇಧ ಅನಿವಾರ್ಯವಾಯಿತು.

ಪೋಕೆಮಾನ್‌ನ ಸಂಗತಿ ಇನ್ನೂ ಸ್ವಾರಸ್ಯಕರ. ಅದರ ಮೊದಲ ಸಂಚಿಕೆಯ ‘ಪ್ರೊಫೆಸರ್ ಓಕ್’ ಕಾರ್ಡು, ಕೈಯಲ್ಲಿರುವುದನ್ನೆಲ್ಲ ಎಸೆದು ಹೊಸದಾಗಿ ಏಳು ಕಾರ್ಡು ಎಳೆದುಕೊಳ್ಳಲು ಬಿಡುತ್ತಿತ್ತು. ಅದೇ ಪರಿಣಾಮ ಇಂದಿಗೂ ‘ಪ್ರೊಫೆಸರ್ಸ್ ರಿಸರ್ಚ್’ ಎಂಬ ಹೆಸರಿನಲ್ಲಿ, ಸರದಿಗೆ ಒಂದೇ ಆಡಬಹುದಾದ ‘ಸಪೋರ್ಟರ್’ ವರ್ಗದೊಳಗೆ ಉಳಿದಿದೆ. ಮ್ಯಾಜಿಕ್‌ನಲ್ಲಿ ಇದಕ್ಕೆ ಹತ್ತಿರದ ಕಾರ್ಡು ‘ವ್ಹೀಲ್ ಆಫ್ ಫಾರ್ಚೂನ್’. ಅದಕ್ಕೆ ಮೂರು ಮಾನಾ ತೆರಬೇಕು, ಮೇಲಾಗಿ ಎದುರಾಳಿಗೂ ಏಳು ಕಾರ್ಡು ಸಿಗುತ್ತದೆ. ಆದರೂ ಅತಿಬಲವುಳ್ಳದ್ದೆಂದು ‘ವಿಂಟೇಜ್’ ಮಾದರಿಯ ಪಂದ್ಯಗಳಲ್ಲಿ ಡೆಕ್ಕಿಗೆ ಒಂದೇ ಪ್ರತಿಗೆ ಅವಕಾಶ. ಪೋಕೆಮಾನ್ ಇಷ್ಟು ಧಾರಾಳವಾಗಿರಲು ಸಾಧ್ಯವಾದದ್ದು ಅದರ ಬಿಗಿ ಬೇರೆಡೆ ಇರುವುದರಿಂದ: ದಾಳಿಗೆ ಬೇಕಾದ ‘ಎನರ್ಜಿ’ ಕಾರ್ಡನ್ನು ಸರದಿಗೆ ಒಂದೇ ಜೋಡಿಸಬಹುದು, ಒಂದೇ ಬಾರಿ ದಾಳಿ ಮಾಡಬಹುದು, ದಾಳಿ ಮಾಡಿದೊಡನೆ ಸರದಿ ಮುಗಿಯುತ್ತದೆ, ಆಗಷ್ಟೇ ಇಳಿಸಿದ ಪೋಕೆಮಾನ್ ಅದೇ ಸರದಿಯಲ್ಲಿ ವಿಕಾಸಗೊಳ್ಳುವಂತಿಲ್ಲ. ಏಳು ಕಾರ್ಡು ಕೈಗೆ ಬಂದರೂ ಅವೆಲ್ಲವನ್ನೂ ಒಮ್ಮೆಗೆ ಬಲವಾಗಿ ಮಾರ್ಪಡಿಸುವ ದಾರಿಯಿಲ್ಲ.

ಹಾಗಾದರೆ ಪ್ರಾಣಿಗಳ, ರಾಕ್ಷಸರ ಕಾರ್ಡುಗಳನ್ನು ಒಗ್ಗಿಸುವುದಾದರೂ ಸುಲಭವೇ? ಅವಕ್ಕೆ ಅಂಕಿಗಳಿರುತ್ತವೆ, ಅಂಕಿಗಳನ್ನು ಭಾಗಿಸಿದರಾಯಿತು ಎಂದು ತೋರುವುದು ಸಹಜ. ಯು-ಗಿ-ಓ!ದ ಅತಿ ಪ್ರಸಿದ್ಧ ಕಾರ್ಡಾದ ‘ಬ್ಲೂ-ಐಸ್ ವೈಟ್ ಡ್ರ್ಯಾಗನ್’ಅನ್ನೇ ಮ್ಯಾಜಿಕ್‌ಗೆ ತರಲು ನೋಡೋಣ. ಅದರ ದಾಳಿಬಲ 3000, ರಕ್ಷಣಾಬಲ 2500. ಯು-ಗಿ-ಓ!ದಲ್ಲಿ ಆಟಗಾರನ ಜೀವಾಂಕ 8000, ಮ್ಯಾಜಿಕ್‌ನಲ್ಲಿ 20. ಭಾಗಿಸಿದರೆ ಒಂದು ಅಂಕಕ್ಕೆ 400. ಡ್ರ್ಯಾಗನ್ನಿನ ದಾಳಿ ಏಳೂವರೆ, ರಕ್ಷಣೆ ಆರೂಕಾಲು.

ಈ ಲೆಕ್ಕ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಯು-ಗಿ-ಓ!ದ ರಕ್ಷಣಾಬಲ ಮ್ಯಾಜಿಕ್‌ನ ‘ಟಫ್‌ನೆಸ್’ (ಜೀವಿಯೊಂದು ಸಾಯುವ ಮುನ್ನ ತಾಳಬಲ್ಲ ಪೆಟ್ಟಿನ ಅಳತೆ) ಅಲ್ಲ. ಡ್ರ್ಯಾಗನ್ ದಾಳಿಯ ಭಂಗಿಯಲ್ಲಿರುವಾಗ ಎದುರಾಳಿ ಅದರ ಮೇಲೆ ಬಿದ್ದರೂ ಹೋಲಿಕೆಯಾಗುವುದು 3000ದೊಂದಿಗೆ. ಕಾರ್ಡನ್ನು ಅಡ್ಡ ತಿರುಗಿಸಿ ರಕ್ಷಣೆಯ ಭಂಗಿಗೆ ಇಟ್ಟಾಗ ಮಾತ್ರ 2500 ಲೆಕ್ಕಕ್ಕೆ ಬರುತ್ತದೆ. ಮುಂದೆ ಹೋದರೆ ಮತ್ತಷ್ಟು ತೊಡಕು. ಅಲ್ಲಿ ಡ್ರ್ಯಾಗನ್ ಬಂದ ಸರದಿಯಲ್ಲೇ ದಾಳಿ ಮಾಡುತ್ತದೆ, ಮ್ಯಾಜಿಕ್‌ನ ಜೀವಿ ಒಂದು ಸರದಿ ಕಾಯಬೇಕು. ದಾಳಿಯ ಭಂಗಿಯಲ್ಲಿರುವ 1200 ಬಲದ ಜೀವಿಯನ್ನು ಅದು ಹೊಡೆದರೆ ಉಳಿದ 1800 ನೇರವಾಗಿ ಆಟಗಾರನ ಜೀವಾಂಕದಿಂದ ಕಳೆಯುತ್ತದೆ, ಮ್ಯಾಜಿಕ್‌ನಲ್ಲಿ ಅಡ್ಡ ಬಂದ ಜೀವಿ ಇಡೀ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಯಾರನ್ನು ಹೊಡೆಯಬೇಕೆಂದು ಅಲ್ಲಿ ದಾಳಿಕಾರ ಆರಿಸುತ್ತಾನೆ, ಇಲ್ಲಿ ಯಾರು ಅಡ್ಡ ನಿಲ್ಲಬೇಕೆಂದು ರಕ್ಷಕ ಆರಿಸುತ್ತಾನೆ. ಈ ವ್ಯತ್ಯಾಸಗಳನ್ನೆಲ್ಲ ತುಂಬಿಕೊಡಲು ಮ್ಯಾಜಿಕ್‌ನಲ್ಲಿ ‘ಹೇಸ್ಟ್’, ‘ಟ್ರ್ಯಾಂಪಲ್’, ‘ಫೈಟ್’ ಮುಂತಾದ ಸಿದ್ಧ ಗುಣಗಳುಂಟು. ಅವನ್ನೆಲ್ಲ ಡ್ರ್ಯಾಗನ್ನಿಗೆ ತೊಡಿಸಿಬಿಡುವ ಆಸೆ ಆಗುತ್ತದೆ, ಅಭಿಮಾನಿಗಳು ಮಾಡಿಕೊಳ್ಳುವ ಎಷ್ಟೋ ಕಾರ್ಡುಗಳು ಹೀಗೆಯೇ ಗುಣಗಳ ಭಾರದಿಂದ ಕುಸಿಯುತ್ತವೆ.

ನನಗೆ ಇದು ಬುಡದಲ್ಲೇ ತಪ್ಪಾದ ದಾರಿಯೆಂದು ತೋರುತ್ತದೆ. ಬಂದೊಡನೆ ದಾಳಿ ಮಾಡುವುದು, ಮಿಕ್ಕ ಪೆಟ್ಟನ್ನು ಆಟಗಾರನಿಗೆ ತಾಗಿಸುವುದು ಬ್ಲೂ-ಐಸ್‌ನ ಗುಣಗಳೇ ಅಲ್ಲ, ಯು-ಗಿ-ಓ!ದ ಅತಿ ದುರ್ಬಲ ಜೀವಿಗೂ ಅವು ಇವೆ. ಅವು ಆ ಆಟದ ನಿಯಮಗಳೇ ಹೊರತು ಕಾರ್ಡಿನ ಸ್ವಂತ ಆಸ್ತಿಯಲ್ಲ. ಕಾರ್ಡಿನೊಡನೆ ಬರಬೇಕಾದದ್ದು ಎರಡೇ ಸಂಗತಿ: ತನ್ನ ಕಾಲದ ಮಾಮೂಲು ಜೀವಿಗಳ ನಡುವೆ ಅದು ಎದ್ದು ಕಾಣುವಷ್ಟು ದೊಡ್ಡದು, ಮತ್ತು ಅದನ್ನು ಕರೆತರಲು ಮೇಜಿನ ಮೇಲಿರುವ ಎರಡು ಜೀವಿಗಳನ್ನು ಬಲಿ ಕೊಡಬೇಕು. ಬೇರೆ ಕಾರ್ಡುಗಳ ನೆರವಿಲ್ಲದಿದ್ದರೆ ಮೂರನೆಯ ಸರದಿಗಿಂತ ಮೊದಲು ಅದು ಇಳಿಯುವಂತಿಲ್ಲ, ಇಳಿದಾಗ ಮೂರು ಕಾರ್ಡುಗಳು ಒಂದಾಗಿರುತ್ತವೆ.

ಮ್ಯಾಜಿಕ್‌ನಲ್ಲಿ 1993ರಿಂದಲೂ ಇರುವ ‘ಶಿವನ್ ಡ್ರ್ಯಾಗನ್’ಗೆ ಆರು ಮಾನಾ, ಬಲ 5/5 (ಮೊದಲ ಅಂಕಿ ದಾಳಿ, ಎರಡನೆಯದು ಟಫ್‌ನೆಸ್), ಜೊತೆಗೆ ಹಾರುವ ಶಕ್ತಿ. ಅದರ ಪಕ್ಕದಲ್ಲಿ ನಿಂತಾಗ ಬ್ಲೂ-ಐಸ್ ಎದ್ದು ಕಾಣಬೇಕಾದರೆ 8/8 ಆದರೂ ಬೇಕು. ಯು-ಗಿ-ಓ!ದಲ್ಲಿ ಅದಕ್ಕೆ ಹಾರುವ ಗುಣ ಇಲ್ಲವಾದರೂ ಇಲ್ಲಿ ಕೊಡುವುದೇ ಸರಿ, ಏಕೆಂದರೆ ಮ್ಯಾಜಿಕ್‌ನಲ್ಲಿ ಹಾರುವುದು ಡ್ರ್ಯಾಗನ್ ಕುಲದ ಸಾಮಾನ್ಯ ಲಕ್ಷಣ. ಅಲ್ಲಿನ ನಿಯಮಗಳನ್ನು ಅಲ್ಲೇ ಬಿಟ್ಟಂತೆ ಇಲ್ಲಿನ ನಿಯಮಗಳನ್ನು ಒಪ್ಪಿಕೊಳ್ಳಬೇಕು. ಬಲಿಯ ವಿಷಯಕ್ಕೆ ಮ್ಯಾಜಿಕ್ ಅಪರಿಚಿತವೇನಲ್ಲ. 2008ರಲ್ಲಿ ಬಂದ ‘ಡೆವರ್’ ಗುಣದಲ್ಲಿ ಹೊಸ ಜೀವಿ ತನ್ನವರನ್ನೇ ತಿಂದು ದೊಡ್ಡದಾಗುತ್ತದೆ; 2016ರ ‘ಎಮರ್ಜ್’ನಲ್ಲಿ ಒಂದು ಜೀವಿಯನ್ನು ಬಲಿ ಕೊಟ್ಟರೆ ಅದರ ಬೆಲೆಯಷ್ಟು ಮಾನಾ ಉಳಿತಾಯ. ಎರಡು ಜೀವಿಗಳ ಬಲಿ ಕಡ್ಡಾಯ, ಅದರ ಮೇಲೆ ಸುಮಾರು ನಾಲ್ಕು ಮಾನಾ ಎಂಬಲ್ಲಿಂದ ಆಡಿ ನೋಡಲು ಶುರುಮಾಡಬಹುದು.

ಪ್ರತಿಗಳ ಸಂಖ್ಯೆಯೂ ಗಣಿತದ ವಿಷಯವೇ. ಅರವತ್ತು ಕಾರ್ಡುಗಳ ಮ್ಯಾಜಿಕ್ ಡೆಕ್ಕಿನಲ್ಲಿ ಒಂದು ಕಾರ್ಡಿನ ನಾಲ್ಕು ಪ್ರತಿ ಇಟ್ಟರೆ ಮೊದಲ ಏಳರಲ್ಲಿ ಅದು ಬರುವ ಸಂಭಾವ್ಯತೆ ಸುಮಾರು ಶೇ. 40, ನಲವತ್ತರ ಯು-ಗಿ-ಓ! ಡೆಕ್ಕಿನಲ್ಲಿ ಮೂರು ಪ್ರತಿ ಇಟ್ಟರೆ ಮೊದಲ ಐದರಲ್ಲಿ ಬರುವುದು ಸುಮಾರು ಶೇ. 34. ಈ ಅಂತರ ಚಿಕ್ಕದು, ಬೆಲೆಯಲ್ಲಿ ಸರಿದೂಗಿಸಬಹುದು.

ಸರಿದೂಗಿಸಲಾಗದ್ದು ಕಾಲದ ನಿಯಮ. ಎದುರಾಳಿ ಆಡುತ್ತಿರುವ ಮಂತ್ರವನ್ನು ಆ ಕ್ಷಣದಲ್ಲೇ ರದ್ದುಮಾಡುವ ‘ಕೌಂಟರ್‌ಸ್ಪೆಲ್’ ಮ್ಯಾಜಿಕ್‌ನಲ್ಲಿ ಎರಡು ಮಾನಾದ ಕಾರ್ಡು. 2014ರಲ್ಲಿ ಬಂದ ಗಣಕಯಂತ್ರದ ಕಾರ್ಡಾಟ ‘ಹಾರ್ತ್‌ಸ್ಟೋನ್’ನಲ್ಲಿ ಎದುರಾಳಿಯ ಸರದಿಯ ನಡುವೆ ಕೈಹಾಕುವ ಅವಕಾಶವೇ ಇಲ್ಲ. ಆದರೂ ಅಲ್ಲಿ ಅದೇ ಹೆಸರಿನ ಕಾರ್ಡಿದೆ, ಅದು ಮೂರು ಮಾನಾದ ‘ಸೀಕ್ರೆಟ್’. ಮುಂಚೆಯೇ ಗುಟ್ಟಾಗಿ ಹೂಡಿಟ್ಟರೆ ಎದುರಾಳಿ ಆಡುವ ಮೊದಲ ಮಂತ್ರವನ್ನು ಅದು ತಾನಾಗಿ ರದ್ದುಮಾಡುತ್ತದೆ. ಯಾವ ಮಂತ್ರವನ್ನು ತಡೆಯಬೇಕೆಂಬ ಆಯ್ಕೆ ಹೂಡಿದವನ ಕೈಯಿಂದ ಜಾರಿ ಎದುರಾಳಿಯ ಕೈಸೇರುತ್ತದೆ. ಎರಡನೆಯವನಾಗಿ ಆಡುವವನಿಗೆ ಸಿಗುವ ‘ಕಾಯಿನ್’ ಕೂಡ ಬಿಟ್ಟಿ ಮಂತ್ರವೇ ಆದ್ದರಿಂದ, ಬಲೆಯ ವಾಸನೆ ಹಿಡಿದ ಆಟಗಾರ ಮೊದಲು ಅದನ್ನು ಬಲಿ ಕೊಟ್ಟು ಆಮೇಲೆ ದೊಡ್ಡ ಮಂತ್ರವನ್ನು ಹೊರತೆಗೆಯುತ್ತಾನೆ. ಮೂಲದಲ್ಲಿದ್ದ ಕಾದು ತಡೆಯುವ ಕಲೆ ಇಲ್ಲಿ ಶಂಕೆ ಮತ್ತು ಪರೀಕ್ಷೆಯ ಆಟವಾಗಿದೆ. ಮಂತ್ರವಾದಿಗಳು ಪರಸ್ಪರ ಅಳೆದು ನೋಡುವ ಭಾವ ಮಾತ್ರ ಹಾಗೇ ಉಳಿದಿರುವುದರಿಂದ ನನ್ನ ಮಟ್ಟಿಗೆ ಇದು ಅತ್ಯುತ್ತಮ ಒಗ್ಗಿಸುವಿಕೆಗಳಲ್ಲಿ ಒಂದು.

ಪೋಕೆಮಾನ್‌ನಲ್ಲಿ ಅಂಥ ಬಲೆ ಹೂಡುವ ಏರ್ಪಾಡೂ ಇಲ್ಲ. ಅಲ್ಲಿ ಇದಕ್ಕೆ ಹತ್ತಿರ ಬರುವುದು 2014ರ ‘ಸೀಸ್ಮಿಟೋಡ್-ಇಎಕ್ಸ್’ನ ‘ಕ್ವೇಕಿಂಗ್ ಪಂಚ್’ನಂಥ ದಾಳಿ: ಹೊಡೆತದ ಜೊತೆಗೆ, ಎದುರಾಳಿ ತನ್ನ ಮುಂದಿನ ಸರದಿಯಲ್ಲಿ ಕೈಯಿಂದ ಯಾವುದೇ ‘ಐಟಂ’ ಕಾರ್ಡು ಆಡದಂತೆ ಅದು ತಡೆಯುತ್ತದೆ. ತಡೆಯುವವನಿಗೆ ಇಲ್ಲಿ ಎದುರಾಳಿಯ ಒಂದು ಕಾರ್ಡನ್ನು ಹೆಕ್ಕಿ ಹೊಡೆಯಲಾಗದು, ಮುಂಚಿತವಾಗಿ ಒಂದು ಇಡೀ ವರ್ಗದ ಬಾಗಿಲು ಮುಚ್ಚಬೇಕು. ಅದಕ್ಕಾಗಿ ತನ್ನ ಆ ಸರದಿಯ ಏಕೈಕ ದಾಳಿಯನ್ನೂ ಅದಕ್ಕೇ ಮೀಸಲಿಡಬೇಕು.