ಬುತ್ತಿ ಕಟ್ಟಿಕೊಂಡು ರೈಲು ಹತ್ತಿದ ಅರವತ್ತು ಲಕ್ಷ ಜನ

ಬೂಟು ಕೊಂಡಾಗ ಅಂಗಡಿಯವರು ಕೊಡುವ ರಟ್ಟಿನ ಡಬ್ಬಿ. ಅದರೊಳಗೆ ಕರಿದ ಕೋಳಿ, ಬೇಯಿಸಿದ ಮೊಟ್ಟೆ, ಬ್ರೆಡ್ಡು. ಮಿಸಿಸಿಪ್ಪಿಯಿಂದಲೋ ಅಲಬಾಮಾದಿಂದಲೋ ಶಿಕಾಗೋ ಕಡೆಗೆ ರೈಲು ಹತ್ತುವ ಮಗನಿಗೆ ತಾಯಿ ಹೀಗೆ ಬುತ್ತಿ ಕಟ್ಟಿಕೊಡುತ್ತಿದ್ದಳು. ರೈಲಿನಲ್ಲಿ ಊಟದ ಬೋಗಿ ಇರುತ್ತಿತ್ತು. ಕಪ್ಪು ಜನರನ್ನು ಅಲ್ಲಿಗೆ ಸೇರಿಸುತ್ತಿರಲಿಲ್ಲ. ಅವರು ಕೂರಬೇಕಾದ ಬೋಗಿ ಸಾಮಾನ್ಯವಾಗಿ ಎಂಜಿನ್ನಿನ ಬೆನ್ನಿಗೇ ಇರುತ್ತಿತ್ತು, ಹೊಗೆ ಮಸಿಯೆಲ್ಲ ಬಂದು ಬೀಳುವ ಜಾಗದಲ್ಲಿ. 1922ರ ಆಗಸ್ಟ್‌ನಲ್ಲಿ ಕಾರ್ನೆಟ್ ವಾದ್ಯ ಹಿಡಿದು ನ್ಯೂ ಆರ್ಲಿಯನ್ಸ್‌ನಿಂದ ಶಿಕಾಗೋಕ್ಕೆ ಹೊರಟ 21ರ ಹುಡುಗನೊಬ್ಬನ ಬಳಿಯೂ ತಾಯಿ ಮಾಡಿಕೊಟ್ಟ ಮೀನಿನ ಸ್ಯಾಂಡ್‌ವಿಚ್ ಇತ್ತು. ಆ ಹುಡುಗ, ಮುಂದೆ ಜಾಝ್ ಸಂಗೀತದ ದೊಡ್ಡ ಹೆಸರಾದ ಲೂಯಿ ಆರ್ಮ್‌ಸ್ಟ್ರಾಂಗ್.

1915ರ ಆಸುಪಾಸಿನಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ಅಮೆರಿಕದ ದಕ್ಷಿಣ ರಾಜ್ಯಗಳನ್ನು ಬಿಟ್ಟು ಉತ್ತರಕ್ಕೆ, ಪಶ್ಚಿಮಕ್ಕೆ ನಡೆದರು. ಚರಿತ್ರೆಯ ಪುಸ್ತಕಗಳಲ್ಲಿ ಇದರ ಹೆಸರು ಗ್ರೇಟ್ ಮೈಗ್ರೇಷನ್. ನಮ್ಮ ರಾಯಚೂರು, ಕೊಪ್ಪಳದ ಕಡೆಯ ಮಾತಿನಲ್ಲಿ ಹೇಳುವುದಾದರೆ ಮಹಾ ಗುಳೆ. ಆದರೆ ಗುಳೆ ಹೋದವರು ಮಳೆ ಬಿದ್ದ ಸುದ್ದಿ ಕೇಳಿ ಊರಿಗೆ ಮರಳುತ್ತಾರೆ. ಇವರಲ್ಲಿ ಹೆಚ್ಚಿನವರು ಮರಳುವ ಲೆಕ್ಕ ಇಟ್ಟುಕೊಂಡು ಹೊರಟಿರಲಿಲ್ಲ. ಇದಕ್ಕೆ ಒಬ್ಬ ನಾಯಕನಿರಲಿಲ್ಲ, ಪಕ್ಷವಿರಲಿಲ್ಲ, ಪ್ರಣಾಳಿಕೆಯೂ ಇರಲಿಲ್ಲ. ಒಂದೊಂದು ಮನೆಯೂ ರಾತ್ರಿ ಕೂತು ತಾನೇ ತೀರ್ಮಾನ ಮಾಡಿತು. ಅಮೆರಿಕದ ಇತಿಹಾಸವನ್ನು ಅಧ್ಯಕ್ಷರ ಹೆಸರುಗಳಲ್ಲಿ ಓದಿ ರೂಢಿಯಾಗಿರುವ ನಮಗೆ ಈ ಟಿಕೆಟ್ ಕೊಂಡವರ ಕಥೆ ಕಣ್ಣಿಗೆ ಬೀಳುವುದೇ ಇಲ್ಲ. ಇಂದಿನ ಅಮೆರಿಕದ ನಗರ, ಸಂಗೀತ, ಮತಪೆಟ್ಟಿಗೆ ಮೂರನ್ನೂ ಇಷ್ಟು ಆಳದಲ್ಲಿ ಬದಲಿಸಿದವರು ಇವರೇ ಎಂದು ನಾನು ನಂಬಿದ್ದೇನೆ.

ಹೊರಡುವಂಥದ್ದು ಏನಾಗಿತ್ತು? ಗುಲಾಮಗಿರಿ 1865ರಲ್ಲೇ ರದ್ದಾಗಿತ್ತು. ಆದರೆ ನೆಲ ಸಿಕ್ಕಿರಲಿಲ್ಲ. ಹಳೆಯ ಒಡೆಯರ ಹೊಲವನ್ನೇ ಕೋರಿಗೆ ಮಾಡಬೇಕು. ಬೀಜ, ಗೊಬ್ಬರ, ಮನೆಗೆ ಬೇಕಾದ ಹಿಟ್ಟು, ಉಪ್ಪು ಎಲ್ಲವೂ ಒಡೆಯನ ಅಂಗಡಿಯಿಂದ ಉದ್ದರಿ. ಹತ್ತಿ ಬಿಡಿಸಿ ಮಾರಾಟವಾದ ಮೇಲೆ ವರ್ಷದ ಕೊನೆಗೆ ಲೆಕ್ಕ. ಲೆಕ್ಕದ ಪುಸ್ತಕ ಒಡೆಯನ ಕೈಯಲ್ಲಿ. ವರ್ಷವಿಡೀ ದುಡಿದವನಿಗೆ ಬಾಕಿಯೇ ಉಳಿದಿದೆ ಎಂದು ಅವನು ಓದಿ ಹೇಳಿದರೆ ಎದುರು ಮಾತಾಡುವಂತಿರಲಿಲ್ಲ. ಮಾತಾಡಿದವರ ಗತಿ ಏನಾಗುತ್ತಿತ್ತು ಎಂಬುದಕ್ಕೆ ಅಲಬಾಮಾದಲ್ಲಿ ಕಪ್ಪು ಜನರಿಗಾಗಿ ಕಟ್ಟಿದ ಟಸ್ಕೀಗೀ ಶಿಕ್ಷಣ ಸಂಸ್ಥೆ ದಾಖಲೆ ಇಟ್ಟಿದೆ: 1882ರಿಂದ 1968ರ ನಡುವೆ ಗುಂಪು ಕಟ್ಟಿಕೊಂಡು ಬಂದವರ ಕೈಯಲ್ಲಿ ಸತ್ತ ಕಪ್ಪು ಜನರು 3,446. ಓಟು ಹಾಕಲು ಹೋದರೆ ತೆರಿಗೆ, ಓದು ಬರಹದ ಪರೀಕ್ಷೆ ಎಂದು ಅಡ್ಡಗಾಲು.

ಅದರ ಮೇಲೆ ಹುಳು ಬಂತು. 1890ರ ದಶಕದಲ್ಲಿ ಮೆಕ್ಸಿಕೋ ಕಡೆಯಿಂದ ಟೆಕ್ಸಾಸ್‌ಗೆ ನುಗ್ಗಿದ ಬೋಲ್ ವೀವಿಲ್ ಎಂಬ ಮೂತಿಹುಳು ಹತ್ತಿಯ ಮೊಗ್ಗು, ಕಾಯಿಗಳನ್ನು ಕೊರೆಯುತ್ತಾ ವರ್ಷದಿಂದ ವರ್ಷಕ್ಕೆ ಪೂರ್ವಕ್ಕೆ ಸರಿಯಿತು. ಬೆಳೆ ಹೋದ ಕಡೆ ಕೂಲಿಯೂ ಹೋಯಿತು. ಅತ್ತ 1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಗಿ, ಉತ್ತರದ ಕಾರ್ಖಾನೆಗಳಿಗೆ ಹಡಗು ತುಂಬಾ ಬರುತ್ತಿದ್ದ ಯುರೋಪಿಯನ್ ಕೂಲಿಗಳು ನಿಂತುಹೋದರು. ಶಿಕಾಗೋದ ಕಸಾಯಿಖಾನೆಗಳಿಗೆ, ಪಿಟ್ಸ್‌ಬರ್ಗ್‌ನ ಉಕ್ಕಿನ ಗಿರಣಿಗಳಿಗೆ ಆಳು ಬೇಕಿತ್ತು. ಡೆಟ್ರಾಯ್ಟ್‌ನಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಿದ್ದೂ ಅದೇ 1914ರಲ್ಲಿ.

ಸುದ್ದಿ ಹಳ್ಳಿಗೆ ತಲುಪಿದ ಬಗೆ ನನಗೆ ಈ ಕಥೆಯಲ್ಲೇ ತುಂಬಾ ಪ್ರಿಯವಾದ ಭಾಗ. ಜಾರ್ಜಿಯಾದಲ್ಲಿ ಹುಟ್ಟಿದ ರಾಬರ್ಟ್ ಅಬಟ್ 1905ರಲ್ಲಿ ಶಿಕಾಗೋದಲ್ಲಿ 'ಶಿಕಾಗೋ ಡಿಫೆಂಡರ್' ಪತ್ರಿಕೆ ಶುರುಮಾಡಿದ್ದರು. ಪುಲ್‌ಮನ್ ಸ್ಲೀಪರ್ ಬೋಗಿಗಳಲ್ಲಿ ಹಾಸಿಗೆ ಹಾಸುವ, ಸಾಮಾನು ಎತ್ತುವ ಕೆಲಸ ಮಾಡುತ್ತಿದ್ದ ಕಪ್ಪು ನೌಕರರು ಅದರ ಕಟ್ಟುಗಳನ್ನು ದಕ್ಷಿಣಕ್ಕೆ ಒಯ್ದು ಹಂಚುತ್ತಿದ್ದರು. ಒಂದು ಪ್ರತಿ ಕೈಯಿಂದ ಕೈಗೆ ಹೋಗುತ್ತಿತ್ತು. ಕ್ಷೌರದಂಗಡಿಯಲ್ಲಿ, ಚರ್ಚಿನಲ್ಲಿ ಓದು ಬಂದವರು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಸುತ್ತ ಕೂತು ಕೇಳುತ್ತಿದ್ದರು. ಉತ್ತರದ ಕೂಲಿ ದರ, ಶಾಲೆ, ದಕ್ಷಿಣದ ಕೊಲೆಗಳ ವರದಿ ಎಲ್ಲವೂ ಅದರಲ್ಲಿರುತ್ತಿದ್ದವು. 1917ರ ಮೇ 15ನ್ನು ಉತ್ತರಕ್ಕೆ ಹೊರಡುವ ದಿನವೆಂದು ಪತ್ರಿಕೆ ಸಾರಿತು. ಕೆಲಸ ಸಿಗುತ್ತದೆಯೇ, ಟಿಕೆಟ್ ಕಳಿಸುತ್ತೀರಾ ಎಂದು ಕೇಳುವ ಪತ್ರಗಳು ಅಬಟ್ ಅವರ ಕಚೇರಿಗೆ ಬರತೊಡಗಿದವು.

ದಕ್ಷಿಣದ ಒಡೆಯರಿಗೆ ಆಗ ದಿಗಿಲಾಯಿತು. ಜಾರ್ಜಿಯಾದ ಮೇಕನ್ ನಗರ, ಆಳುಗಳನ್ನು ಹೊರಗೆ ಕರೆದೊಯ್ಯುವ ಏಜೆಂಟರಿಗೆ 25,000 ಡಾಲರ್ ಲೈಸೆನ್ಸ್ ಶುಲ್ಕ ವಿಧಿಸಿತು. ಅದು ಸಾಲದೆಂಬಂತೆ 10 ಪಾದ್ರಿಗಳು, 10 ಕಾರ್ಖಾನೆದಾರರು, 25 ವ್ಯಾಪಾರಿಗಳ ಶಿಫಾರಸು ಬೇರೆ ಬೇಕಿತ್ತು. ಎಷ್ಟೋ ಸ್ಟೇಷನ್ನುಗಳಲ್ಲಿ ಪೊಲೀಸರು ಪ್ಲಾಟ್‌ಫಾರಂನಲ್ಲಿ ನಿಂತವರನ್ನು ಎಳೆದೊಯ್ದರು, ರೈಲು ಹತ್ತಿದವರನ್ನು ಇಳಿಸಿದರು. ಜನ ಮುಂದಿನ ಸ್ಟೇಷನ್ನಿಗೆ ನಡೆದು ಹೋಗಿ ಹತ್ತಿದರು. ಪಕ್ಕದಲ್ಲಿ ಕೂರಿಸಿಕೊಳ್ಳಲು ಬೇಡವಾದವರು ಹೊಲಕ್ಕೆ ಎಷ್ಟು ಬೇಕಾಗಿದ್ದರು ಎಂಬುದು ಆಗ ಬಯಲಾಯಿತು.

ಉತ್ತರ ಸ್ವರ್ಗವಾಗಿರಲಿಲ್ಲ. 1919ರ ಜುಲೈ 27ರಂದು ಶಿಕಾಗೋದ ಮಿಶಿಗನ್ ಸರೋವರದಲ್ಲಿ ತೆಪ್ಪದ ಮೇಲೆ ಆಡುತ್ತಿದ್ದ 17ರ ಯೂಜೀನ್ ವಿಲಿಯಮ್ಸ್, ನೀರಿನಲ್ಲಿ ಯಾರೂ ಗೆರೆ ಎಳೆಯದಿದ್ದರೂ ಎಲ್ಲರಿಗೂ ಗೊತ್ತಿದ್ದ ಬಿಳಿಯರ ಎಲ್ಲೆಯ ಕಡೆಗೆ ತೇಲಿಹೋದ. ದಡದಿಂದ ಕಲ್ಲು ಬಿತ್ತು, ಹುಡುಗ ಮುಳುಗಿ ಸತ್ತ. ಕಲ್ಲೆಸೆದವನನ್ನು ಹಿಡಿಯಲು ಸ್ಥಳದಲ್ಲಿದ್ದ ಪೊಲೀಸ್ ಒಪ್ಪಲಿಲ್ಲ. ಆಮೇಲೆ ಹೊತ್ತಿಕೊಂಡ ಗಲಭೆಯಲ್ಲಿ 38 ಜನ ಸತ್ತರು, ಅವರಲ್ಲಿ 23 ಮಂದಿ ಕಪ್ಪು ಜನ.

ಗಲಭೆ ಕೆಲವು ದಿನಗಳಲ್ಲಿ ಅಡಗಿತು, ಗೆರೆ ಮಾತ್ರ ಉಳಿಯಿತು. ಈ ಮನೆಯನ್ನು ಕಪ್ಪು ಜನರಿಗೆ ಮಾರಕೂಡದು, ಬಾಡಿಗೆಗೆ ಕೊಡಕೂಡದು ಎಂದು ಕ್ರಯಪತ್ರದಲ್ಲೇ ಷರತ್ತು ಬರೆಸುವುದು ರೂಢಿಯಾಯಿತು. ನ್ಯಾಯಾಲಯಗಳು ಇಂಥ ಷರತ್ತನ್ನು ಜಾರಿ ಮಾಡಬಾರದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಅಷ್ಟರೊಳಗೆ, 1930ರ ದಶಕದಲ್ಲಿ, ಸರ್ಕಾರಿ ಸಾಲ ಸಂಸ್ಥೆಯೊಂದು ನಗರಗಳ ನಕ್ಷೆಯ ಮೇಲೆ ಕಪ್ಪು ಜನರ ಕೇರಿಗಳಿಗೆ ಕೆಂಪು ಬಣ್ಣ ಬಳಿದಿತ್ತು: ಇಲ್ಲಿ ಸಾಲ ಕೊಡುವುದು ಅಪಾಯ ಎಂದು. ಸಾಲವಿಲ್ಲದೆ ಸ್ವಂತ ಮನೆಯಿಲ್ಲ, ಮನೆಯಿಲ್ಲದೆ ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯಿಲ್ಲ. ಇವತ್ತು ಅಮೆರಿಕದಲ್ಲಿ ಕಪ್ಪು ಮತ್ತು ಬಿಳಿ ಕುಟುಂಬಗಳ ಆಸ್ತಿಯ ನಡುವೆ ಕಾಣುವ ಅಂತರದ ಒಂದು ದೊಡ್ಡ ಬೇರು ಇಲ್ಲಿದೆ.

ಇಕ್ಕಟ್ಟಾದ ಅದೇ ಕೇರಿಗಳಲ್ಲಿ ಹಾಡು ಬೆಳೆಯಿತು. ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಬ್ಲೂಸ್ ಹಾಡುಗಾರ ಮಡಿ ವಾಟರ್ಸ್ 1943ರಲ್ಲಿ ಶಿಕಾಗೋಕ್ಕೆ ಬಂದರು. ಹಳ್ಳಿಯ ಜಗುಲಿಯಲ್ಲಿ ಸಾಕಾಗುತ್ತಿದ್ದ ಗಿಟಾರಿನ ದನಿ ಇಲ್ಲಿನ ಬಾರುಗಳ ಗದ್ದಲದಲ್ಲಿ ಕೇಳಿಸುತ್ತಲೇ ಇರಲಿಲ್ಲ. ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಆ ದನಿಯನ್ನು ಇಂಗ್ಲೆಂಡಿನ ಹುಡುಗರು ರೆಕಾರ್ಡುಗಳಲ್ಲಿ ಕೇಳಿ ಕಲಿತರು, ರಾಕ್ ಸಂಗೀತ ಜಗತ್ತು ಸುತ್ತಿತು. ಡೆಟ್ರಾಯ್ಟ್‌ನಲ್ಲಿ 1959ರಲ್ಲಿ ಮೋಟೌನ್ ಎಂಬ ರೆಕಾರ್ಡ್ ಕಂಪನಿ ಕಟ್ಟಿದ ಬೆರಿ ಗೋರ್ಡಿಯವರ ತಂದೆತಾಯಿಯೂ ಜಾರ್ಜಿಯಾ ಬಿಟ್ಟು ಬಂದವರೇ.

ಊರು ಬಿಟ್ಟವರಿಗೆ ಓಟು ಸಿಕ್ಕಿತು. 1928ರಲ್ಲಿ ಶಿಕಾಗೋ ಆಸ್ಕರ್ ಡಿ ಪ್ರೀಸ್ಟ್ ಅವರನ್ನು ಸಂಸತ್ತಿಗೆ ಕಳಿಸಿತು. ಅಲ್ಲಿ 1901ರಿಂದ ಒಬ್ಬ ಕಪ್ಪು ಸದಸ್ಯನೂ ಇರಲಿಲ್ಲ. 1955ರ ಆಗಸ್ಟ್‌ನಲ್ಲಿ ಶಿಕಾಗೋದ 14ರ ಹುಡುಗ ಎಮೆಟ್ ಟಿಲ್ ರಜೆಗೆಂದು ಮಿಸಿಸಿಪ್ಪಿಯ ನೆಂಟರ ಮನೆಗೆ ಹೋದ. ಬಿಳಿ ಹೆಂಗಸಿನೊಂದಿಗೆ ಸಲುಗೆಯಿಂದ ವರ್ತಿಸಿದನೆಂಬ ಆರೋಪ ಹೊರಿಸಿ ಅವನನ್ನು ಕೊಂದು ನದಿಗೆ ಎಸೆದರು. ತಾಯಿ ಮೇಮಿ ಮಗುವಾಗಿದ್ದಾಗಲೇ ಅವರ ಮನೆಯವರು ಮಿಸಿಸಿಪ್ಪಿ ಬಿಟ್ಟು ಬಂದಿದ್ದರು. ಮಗನ ಶವ ಅದೇ ದಾರಿಯಲ್ಲಿ ರೈಲಿನಲ್ಲಿ ಬಂತು. ಗುರುತು ಸಿಗದಷ್ಟು ಜಜ್ಜಿಹೋಗಿದ್ದ ಮುಖವನ್ನು ಮುಚ್ಚಬೇಡಿ, ಎಲ್ಲರೂ ನೋಡಲಿ ಎಂದಳು ಆ ತಾಯಿ. ಸಾವಿರಾರು ಜನ ಸಾಲುಗಟ್ಟಿ ನೋಡಿದರು, 'ಜೆಟ್' ಪತ್ರಿಕೆ ಫೋಟೋ ಅಚ್ಚು ಹಾಕಿತು. ಮಿಸಿಸಿಪ್ಪಿಯಲ್ಲಿ ಪೂರಾ ಬಿಳಿಯರೇ ಇದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಆರೋಪಿಗಳನ್ನು ಬಿಟ್ಟುಕಳಿಸಿತು. ಅದೇ ವರ್ಷ ಡಿಸೆಂಬರ್ 1ರಂದು ಅಲಬಾಮಾದ ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಿಳಿಯನಿಗೆ ಬಸ್ಸಿನ ಸೀಟು ಬಿಟ್ಟುಕೊಡಲು ಒಪ್ಪಲಿಲ್ಲ. ನಾಗರಿಕ ಹಕ್ಕುಗಳ ಹೋರಾಟ ನಡೆದದ್ದು ದಕ್ಷಿಣದಲ್ಲಿ, ನಿಜ. ಆದರೆ ಆ ಮುಖವನ್ನು ಅಚ್ಚು ಹಾಕಲು ಪತ್ರಿಕೆ, ತೋರಿಸಲು ಎದೆಗಾರಿಕೆಯಿದ್ದ ತಾಯಿ, ವಾಷಿಂಗ್ಟನ್ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾದ ಓಟು ಇದ್ದದ್ದು ಉತ್ತರದಲ್ಲಿ.

ಬಣ್ಣಭೇದವನ್ನು ನಿಷೇಧಿಸುವ 1964ರ ಕಾನೂನು, ಓಟಿನ ಹಕ್ಕು ಕಾಯುವ 1965ರ ಕಾನೂನು ಬಂದವು. ಅಷ್ಟರಲ್ಲಿ ದಕ್ಷಿಣದ ಹೊಲಗಳಲ್ಲಿ ಹತ್ತಿ ಬಿಡಿಸುವ ಯಂತ್ರಗಳು ಓಡಾಡುತ್ತಿದ್ದವು, ಉತ್ತರದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದ್ದವು. ಶಿಕಾಗೋದ ದೊಡ್ಡ ಕಸಾಯಿಖಾನೆ ಪ್ರದೇಶ 1971ರಲ್ಲಿ ಮುಚ್ಚಿತು. ಆ ದಶಕದಲ್ಲಿ ರೈಲು, ಬಸ್ಸು, ಕಾರುಗಳು ಜನರನ್ನು ತಿರುಗಿ ಅಟ್ಲಾಂಟಾ ಕಡೆಗೆ, ಕೆರೊಲೈನಾಗಳ ಕಡೆಗೆ ಒಯ್ಯತೊಡಗಿದವು.

ಸೌತ್ ಕೆರೊಲೈನಾದ ಜಾರ್ಜ್‌ಟೌನ್‌ನಿಂದ ಶಿಕಾಗೋಕ್ಕೆ ಹೋಗಿದ್ದ ಫ್ರೇಸರ್ ರಾಬಿನ್ಸನ್ ಎಂಬುವರೂ ನಿವೃತ್ತಿಯಾದ ಮೇಲೆ ಹಾಗೇ ಊರಿಗೆ ಮರಳಿದರು. ಅವರ ಅಜ್ಜ ಅಲ್ಲಿನ ಭತ್ತದ ತೋಟವೊಂದರಲ್ಲಿ ಗುಲಾಮರಾಗಿದ್ದವರು. ಶಿಕಾಗೋದಲ್ಲಿ ಹುಟ್ಟಿ ಬೆಳೆದ ಮೊಮ್ಮಗಳು ರಜೆಗೆ ತಾತನ ಊರಿಗೆ ಹೋಗುತ್ತಿದ್ದಳು. ಅವಳ ಹೆಸರು ಮಿಶೆಲ್. 2009ರ ಜನವರಿಯಲ್ಲಿ ಗಂಡ ಬರಾಕ್ ಒಬಾಮಾ, ಇಬ್ಬರು ಹೆಣ್ಣುಮಕ್ಕಳು ಮತ್ತು ತಾಯಿಯೊಂದಿಗೆ ಆಕೆ ಶ್ವೇತಭವನದಲ್ಲಿ ಮನೆ ಹೂಡಿದರು.